ಸ್ವೀಡನ್ನಿನ ಅರಮನೆ, ಎಸ್ಟೇಟ್ ಮನೆಗಳ ಅಧ್ಯಯನ: ಎಲ್ಲಿಂದ ಶುರು ಮಾಡಬೇಕು?

ಈ ಪ್ರಶ್ನೆ ಪದೇ ಪದೇ ಬರುತ್ತದೆ. ಸ್ಟಾಕ್‌ಹೋಮ್‌ಗೆ ಕೆಲಸಕ್ಕೆ ಹೋದವರು ಕೇಳುತ್ತಾರೆ, ಬೆಂಗಳೂರಲ್ಲಿ ಇಂಟೀರಿಯರ್ ಡಿಸೈನ್ ಕಲಿಯುತ್ತಿರುವವರೂ ಕೇಳುತ್ತಾರೆ. ಅರಮನೆ ನೋಡಿದ್ದಾಯ್ತು, ಫೋಟೊ ತೆಗೆದದ್ದಾಯ್ತು, ಇದನ್ನು ಸರಿಯಾಗಿ ಓದುವುದು ಹೇಗೆ ಅಂತ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಮೊದಲಿಗೇ ಒಂದು ಮಾತು. ಐವತ್ತು ಅರಮನೆ ನೋಡಬೇಡಿ. ಒಂದು ಮನೆ ಹಿಡಿಯಿರಿ, ಅದರಲ್ಲಿ ಒಂದು ಕೋಣೆ ಹಿಡಿಯಿರಿ, ಆ ಕೋಣೆಯ ಹಳೆಯ ಸಾಮಾನುಪಟ್ಟಿ ಹುಡುಕಿ. ಕೋಣೆ, ವಸ್ತು, ಕಾಗದ ಈ ಮೂರನ್ನೂ ಒಟ್ಟಿಗೆ ಇಟ್ಟು ನೋಡಿದಾಗಲೇ ಅಧ್ಯಯನ ಶುರುವಾಗುವುದು. ಅಲ್ಲಿಯವರೆಗೆ ಅದು ಬರೀ ಪ್ರವಾಸ.

ಏನೇನು ಬೇಕು?

ಇತಿಹಾಸದ ಡಿಗ್ರಿ ಬೇಕಿಲ್ಲ. ಓದಿ ಅರ್ಥ ಮಾಡಿಕೊಳ್ಳುವಷ್ಟು ಸ್ವೀಡಿಷ್ ಮಾತ್ರ ಬೇಕೇ ಬೇಕು. ಮಾತಾಡಲು ಬರದಿದ್ದರೂ ಪರವಾಗಿಲ್ಲ. ಇಂಗ್ಲಿಷ್‌ನಲ್ಲಿ ಸಿಗುವುದು ಪ್ರವಾಸಿಗರ ಕೈಪಿಡಿ ಮತ್ತು ಕೆಲವು ಒಳ್ಳೆಯ ಲೇಖನಗಳು, ಅಷ್ಟೇ. ಮೂಲ ಕಾಗದಗಳೆಲ್ಲ ಸ್ವೀಡಿಷ್‌ನಲ್ಲಿವೆ, ನಡುನಡುವೆ ಫ್ರೆಂಚ್, ಜರ್ಮನ್ ಬರುತ್ತದೆ.

ಸ್ವೀಡಿಷ್‌ನಲ್ಲಿ ಮೂರು ಹೆಚ್ಚುವರಿ ಅಕ್ಷರಗಳಿವೆ: ತಲೆಯ ಮೇಲೆ ಸೊನ್ನೆ ಇರುವ ಎ, ಎರಡು ಚುಕ್ಕೆ ಇರುವ ಎ, ಎರಡು ಚುಕ್ಕೆ ಇರುವ ಓ. ಅಕಾರಾದಿಯಲ್ಲಿ ಇವು ಝೆಡ್ ಆದಮೇಲೆ ಬರುತ್ತವೆ. ಓಕೆರೋ ಎಂಬ ಮನೆಯನ್ನು ಪಟ್ಟಿಯ ಮೊದಲಲ್ಲಿ ಹುಡುಕಿ, ಸಿಗಲಿಲ್ಲ ಅಂತ ಬಿಟ್ಟುಬಿಡುವವರು ಜಾಸ್ತಿ. ಅದು ಕೊನೆಯಲ್ಲಿರುತ್ತದೆ. ಇನ್ನೊಂದು ವಿಷಯ, 1906ರಲ್ಲಿ ಸ್ವೀಡಿಷ್ ಕಾಗುಣಿತ ಸುಧಾರಣೆಯಾಯಿತು. ಅದಕ್ಕೂ ಹಿಂದಿನ ಕಾಗದಗಳಲ್ಲಿ 'ಬಿಳಿ' ಎಂಬರ್ಥದ ಸ್ವೀಡಿಷ್ ಪದದ ಶುರುವಿನಲ್ಲಿ ಒಂದು ಹೆಚ್ ಇರುತ್ತದೆ, ಈಗ ಇಲ್ಲ. ಹಾಗಾಗಿ ಹುಡುಕುವಾಗ ಹಳೆಯದು, ಹೊಸದು ಎರಡನ್ನೂ ಹಾಕಿ ನೋಡಿ. ಹಳೆಯ ಪದಗಳ ಅರ್ಥಕ್ಕೆ ಸ್ವೀಡಿಷ್ ಅಕಾಡೆಮಿಯ ದೊಡ್ಡ ನಿಘಂಟು ಆನ್‌ಲೈನ್‌ನಲ್ಲಿ ಉಚಿತವಾಗಿ ಸಿಗುತ್ತದೆ.

ಹಂತ 1: ಕಾಲದ ಚೌಕಟ್ಟು ಹಾಕಿಕೊಳ್ಳಿ

ಎಲ್ಲ ರಾಜರ ಹೆಸರನ್ನೂ ಬಾಯಿಪಾಠ ಮಾಡಬೇಕಿಲ್ಲ. ಕೆಲವು ತಿರುವುಗಳು ಗೊತ್ತಿದ್ದರೆ ಸಾಕು.

1561ರಲ್ಲಿ ರಾಜ 14ನೇ ಎರಿಕ್ ತನ್ನ ಪಟ್ಟಾಭಿಷೇಕದ ಸಮಯದಲ್ಲಿ 'ಗ್ರೇವೆ' (ಕೌಂಟ್) ಮತ್ತು 'ಫ್ರಿಹೆರೆ' (ಬ್ಯಾರನ್) ಎಂಬ ಬಿರುದುಗಳನ್ನು ಶುರು ಮಾಡಿದ. 1626ರಲ್ಲಿ ರಾಜ ಗುಸ್ತಾವ್ ಅಡಾಲ್ಫ್ ಕುಲೀನ ಮನೆತನಗಳಿಗೆ 'ರಿದ್ದಾರ್‌ಹೂಸೆತ್' ಎಂಬ ಸಂಸ್ಥೆಯ ನಿಯಮ ಕೊಟ್ಟ. ಅದರ ಕಟ್ಟಡ ಈಗಲೂ ಸ್ಟಾಕ್‌ಹೋಮ್‌ನ ಹಳೇ ಊರಿನಲ್ಲಿದೆ. ಒಳಗೆ 2,300ಕ್ಕೂ ಹೆಚ್ಚು ಮನೆತನಗಳ ಲಾಂಛನ ಫಲಕಗಳು ಗೋಡೆ ತುಂಬಾ ಇವೆ.

ಆಮೇಲೆ ಯುರೋಪಿನಲ್ಲಿ ನಡೆದ ಮೂವತ್ತು ವರ್ಷಗಳ ಯುದ್ಧ (1618–1648). ಜರ್ಮನಿ, ಬೊಹೀಮಿಯಾ (ಈಗಿನ ಚೆಕ್ ದೇಶದ ಭಾಗ) ಕಡೆಯಿಂದ ಸೇನಾಪತಿಗಳು ದುಡ್ಡು, ಚಿತ್ರ, ಪುಸ್ತಕ, ಆಯುಧ ಹೊತ್ತು ತಂದರು. 17ನೇ ಶತಮಾನದ ದೊಡ್ಡ ಅರಮನೆಗಳ ಹಿಂದೆ ಈ ಹಣವಿದೆ. ಇದನ್ನು ಮುಚ್ಚಿಟ್ಟು ಬರೀ ಸೌಂದರ್ಯದ ಬಗ್ಗೆ ಬರೆದರೆ ಅಧ್ಯಯನ ಅರ್ಧಕ್ಕೇ ನಿಲ್ಲುತ್ತದೆ. 1648ರಲ್ಲಿ ಪ್ರಾಗ್‌ನಿಂದ ಲೂಟಿಯಾದ ವಸ್ತುಗಳು ಇವತ್ತಿಗೂ ಸ್ವೀಡನ್ನಿನ ಸಂಗ್ರಹಗಳಲ್ಲಿವೆ.

1680ರಲ್ಲಿ ರಾಜ 11ನೇ ಕಾರ್ಲ್ ಕಾಲದ 'ರೆಡುಕ್ಶೂನ್' ಬಂತು. ಅಂದರೆ ಹಿಂದಿನ ರಾಜರು ಕುಲೀನರಿಗೆ ಕೊಟ್ಟಿದ್ದ ಜಮೀನನ್ನು ಸರ್ಕಾರ ವಾಪಸ್ ತೆಗೆದುಕೊಂಡದ್ದು. ಮಾಗ್ನುಸ್ ಗಾಬ್ರಿಯೆಲ್ ಡೆ ಲಾ ಗಾರ್ಡಿ ಎಂಬಾತ ಸಾಲು ಸಾಲು ಅರಮನೆ ಹೊಂದಿದ್ದ, ವೇನೆರ್ನ್ ಸರೋವರದ ದಡದ ಲೆಕ್ಕೋ ಅರಮನೆಯನ್ನೂ ಸೇರಿಸಿ ಬಹುಪಾಲು ಕಳೆದುಕೊಂಡ. ನೀವು ಓದುವ ಮನೆ 1680ರ ಆಸುಪಾಸಿನಲ್ಲಿ ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂಬುದನ್ನು ಮೊದಲು ನೋಡಿ.

ಕೊನೆಗೆ 'ಫಿದೆಯಿಕೊಮಿಸ್'. ಆಸ್ತಿಯನ್ನು ಪಾಲು ಮಾಡದೆ, ಮಾರದೆ, ಒಬ್ಬನೇ ವಾರಸುದಾರನಿಗೆ ಪೂರ್ತಿಯಾಗಿ ದಾಟಿಸುವ ಕಟ್ಟುಪಾಡು ಇದು. ಮನೆ ಮಾತ್ರವಲ್ಲ, ಒಳಗಿನ ಸಾಮಾನು, ಲೈಬ್ರರಿ, ಚಿತ್ರಗಳಿಗೂ ಎಷ್ಟೋ ಸಲ ಅನ್ವಯವಾಗುತ್ತಿತ್ತು. ಹಾಗಾಗಿಯೇ ಕೆಲವು ಮನೆಗಳಲ್ಲಿ ಮುನ್ನೂರು ವರ್ಷದ ಸಾಮಾನು ಅಲುಗದೆ ಉಳಿದಿದೆ. 1964ರಲ್ಲಿ ಜಾರಿಗೆ ಬಂದ ಕಾನೂನು ಇದನ್ನು ಹಂತಹಂತವಾಗಿ ಮುಗಿಸಲು ಹೊರಟಿತು: ಈಗಿನ ಹಕ್ಕುದಾರ ಸತ್ತ ಮೇಲೆ ಕಟ್ಟುಪಾಡು ಬಿಡುತ್ತದೆ, ಆಸ್ತಿ ಎಲ್ಲ ವಾರಸುದಾರರಿಗೂ ಹಂಚಿಹೋಗುತ್ತದೆ. ಎಷ್ಟೋ ಸಂಗ್ರಹಗಳು ಹರಾಜಿಗೆ ಬಂದದ್ದು ಇದರ ನಂತರ.

ಹಂತ 2: ಒಂದು ಮನೆ ಆರಿಸಿ

ಸಾಮಾನ್ಯವಾಗಿ ಎಲ್ಲರೂ ಸ್ಟಾಕ್‌ಹೋಮ್ ಹತ್ತಿರದ ಡ್ರೊಟ್ನಿಂಗ್‌ಹೋಲ್ಮ್ ಅರಮನೆಯಿಂದ ಶುರು ಮಾಡುತ್ತಾರೆ. ಚೆಂದದ ಜಾಗ, ನಿಜ. 1662ರಲ್ಲಿ ರಾಣಿ ಹೆಡ್ವಿಗ್ ಎಲೆಯೊನೋರಾ ಕಟ್ಟಿಸಲು ಶುರು ಮಾಡಿದ್ದು. 1766ರ ನಾಟಕಶಾಲೆಯಲ್ಲಿ ಹಳೆಯ ರಂಗಯಂತ್ರಗಳು ಈಗಲೂ ಕೆಲಸ ಮಾಡುತ್ತವೆ. 1991ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಆದರೆ ಅದು ರಾಜಮನೆತನದ್ದು. ಕುಲೀನರ ಬದುಕು ಓದಬೇಕಾದರೆ ಬೇರೆ ಮನೆ ಬೇಕು.

ನನ್ನ ಆಯ್ಕೆ ಎರಡು.

ಒಂದು, ಸ್ಕೋಕ್ಲೋಸ್ತರ್. ಸ್ಟಾಕ್‌ಹೋಮ್ ಮತ್ತು ಉಪ್ಸಾಲಾ ನಡುವೆ, ಮೇಲಾರೆನ್ ಸರೋವರದ ದಡದಲ್ಲಿದೆ. ಸೇನಾಪತಿ ಕಾರ್ಲ್ ಗುಸ್ತಾವ್ ವ್ರಾಂಗೆಲ್ 1654ರಲ್ಲಿ ಕಟ್ಟಿಸಲು ಶುರು ಮಾಡಿದ. 1676ರಲ್ಲಿ ಅವನು ಸತ್ತ, ಕೆಲಸ ನಿಂತಿತು. ದೊಡ್ಡ ಔತಣದ ಹಾಲ್ ಮುಗಿಯಲೇ ಇಲ್ಲ. ಅದು ಹಾಗೇ, ಕಟ್ಟುವ ಸಲಕರಣೆಗಳ ಸಮೇತ ಉಳಿದಿದೆ. 17ನೇ ಶತಮಾನದಲ್ಲಿ ಗೋಡೆ, ಛಾವಣಿ ಹೇಗೆ ಕಟ್ಟುತ್ತಿದ್ದರು ಎಂದು ಕಣ್ಣಾರೆ ನೋಡಬೇಕಾದರೆ ಇಂಥ ಜಾಗ ಯುರೋಪಿನಲ್ಲೇ ಅಪರೂಪ. ಮನೆ ವ್ರಾಂಗೆಲ್ ಮಗಳ ಕಡೆಯಿಂದ ಬ್ರಾಹೆ ಮನೆತನಕ್ಕೆ, ಆಮೇಲೆ ಫಾನ್ ಎಸ್ಸೆನ್ ಮನೆತನಕ್ಕೆ ಹೋಯಿತು. 1967ರಲ್ಲಿ ಸರ್ಕಾರ ಕೊಂಡಿತು. ಹಣ್ಣು ತರಕಾರಿಗಳಿಂದಲೇ ಚಕ್ರವರ್ತಿ ರುಡಾಲ್ಫ್‌ನ ಮುಖ ಮಾಡಿದ, ಇಟಲಿಯ ಕಲಾವಿದ ಆರ್ಚಿಂಬೋಲ್ಡೊನ ಚಿತ್ರವೂ ಇಲ್ಲೇ ಇರುವುದು.

ಎರಡು, ಸ್ಟಾಕ್‌ಹೋಮ್ ನಗರದ ಮಧ್ಯದ ಹಾಲ್ವಿಲ್ ಮನೆ. 1890ರ ದಶಕದಲ್ಲಿ ವಾಸ್ತುಶಿಲ್ಪಿ ಇಸಾಕ್ ಗುಸ್ತಾವ್ ಕ್ಲಾಸೋನ್ ಕಟ್ಟಿದ್ದು. ಮನೆಯೊಡತಿ ವಿಲ್ಹೆಲ್ಮಿನಾ ಮರದ ವ್ಯಾಪಾರಿಯ ಮಗಳು, ಗಂಡ ಕೌಂಟ್. ಆಕೆ ಚಿತ್ರ, ಬೆಳ್ಳಿಯಷ್ಟೇ ಅಲ್ಲ, ಅಡುಗೆಮನೆಯ ಪಾತ್ರೆಗಳನ್ನೂ ಬಿಡದೆ ದಾಖಲಿಸಿದರು. ಸುಮಾರು 50,000 ವಸ್ತುಗಳು, 70ಕ್ಕೂ ಹೆಚ್ಚು ಸಂಪುಟಗಳ ಕ್ಯಾಟಲಾಗ್. 1920ರಲ್ಲಿ ಮನೆಯನ್ನೇ ದೇಶಕ್ಕೆ ಕೊಟ್ಟರು. ಹೊಸಬರಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ, ಏಕೆಂದರೆ ಕೋಣೆ, ವಸ್ತು, ಕಾಗದ ಮೂರೂ ಒಂದೇ ಕಡೆ ಇವೆ.

ಇಲ್ಲಿ ಒಂದು ಎಚ್ಚರಿಕೆ. ಕಟ್ಟಡ ಒಂದು ಸಂಸ್ಥೆಯದು, ಒಳಗಿನ ಸಂಗ್ರಹ ಇನ್ನೊಂದರದು ಆಗಿರಬಹುದು. ಗ್ರಿಪ್ಸ್‌ಹೋಲ್ಮ್ ಅರಮನೆಯ ಭಾವಚಿತ್ರಗಳು ನ್ಯಾಷನಲ್ ಮ್ಯೂಸಿಯಂಗೆ ಸೇರಿದವು. ಸ್ಕೋಕ್ಲೋಸ್ತರ್ ಮತ್ತು ಹಾಲ್ವಿಲ್ ಎರಡೂ ಸರ್ಕಾರಿ ಐತಿಹಾಸಿಕ ಮ್ಯೂಸಿಯಂಗಳ ಕೂಟದಲ್ಲಿವೆ. ಪ್ರಶ್ನೆಯ ಇಮೇಲ್ ತಪ್ಪು ಕಡೆ ಹೋದರೆ ಸುಮ್ನೆ ವಾರಗಟ್ಟಲೆ ಕಾಯಬೇಕಾಗುತ್ತದೆ.

ಹಂತ 3: ಮನೆಯ ನಕ್ಷೆ ಓದಲು ಕಲಿಯಿರಿ

'ಸ್ಲೊಟ್' ಅಂದರೆ ಅರಮನೆ ಅಥವಾ ಕೋಟೆ. 'ಹೆರ್‌ಗೋರ್ಡ್' ಅಂದರೆ ಹಳ್ಳಿಯಲ್ಲಿನ ಎಸ್ಟೇಟ್ ಯಜಮಾನನ ಮನೆ. 'ಸೇತೆರಿ' ಅಂದರೆ ತೆರಿಗೆ ವಿನಾಯಿತಿ ಇದ್ದ ಕುಲೀನರ ವಾಸದ ಜಮೀನು. 'ಕೋರ್‌ ದ ಲೋಜಿ' ಎಂಬುದು ಮಧ್ಯದ ಮುಖ್ಯ ಕಟ್ಟಡ, 'ಫ್ಲೀಗೆಲ್' ಪಕ್ಕದ ಕಟ್ಟಡ. ಒಳಗೆ 'ಸಾಲ್' ದೊಡ್ಡ ಹಾಲ್, 'ಫೋರ್ಮಾಕ್' ಅತಿಥಿಗಳು ಕೂರುವ ಮುಂಗೋಣೆ, 'ಸೆಂಗ್‌ಕಮ್ಮರೆ' ಮಲಗುವ ಕೋಣೆ. ದೊಡ್ಡ ಮನೆಗಳಲ್ಲಿ 'ಪರಾದ್' ಮಲಗುವ ಕೋಣೆ ಅಂತ ಒಂದಿರುತ್ತದೆ. ಅದು ನಿದ್ದೆಗಲ್ಲ, ಪ್ರತಿಷ್ಠೆಗೆ.

ಕೋಣೆಗಳು ಯಾವ ಕ್ರಮದಲ್ಲಿ ಬರುತ್ತವೆ ನೋಡಿ. ಹೊರಗಿನವನು ಎಲ್ಲಿಯವರೆಗೆ ಬರಬಹುದಿತ್ತು, ಸೇವಕರು ಯಾವ ಬಾಗಿಲಿನಿಂದ ಓಡಾಡುತ್ತಿದ್ದರು? ಈ ಎರಡು ಪ್ರಶ್ನೆ ಇಟ್ಟುಕೊಂಡು ನಕ್ಷೆ ನೋಡಿದರೆ ತುಂಬಾ ವಿಷಯ ತಾನಾಗೇ ತೆರೆದುಕೊಳ್ಳುತ್ತದೆ.

ಹಳೆಯ ಚಿತ್ರಗಳ ವಿಷಯದಲ್ಲಿ ಹುಷಾರು. ಎರಿಕ್ ಡಾಲ್‌ಬೆರ್ಗ್ 1661ರಿಂದ ಸ್ವೀಡನ್ನಿನ ಅರಮನೆ, ಪಟ್ಟಣಗಳನ್ನು ಚಿತ್ರಿಸಿದ. ಆ 353 ತಾಮ್ರಮುದ್ರಣ ಚಿತ್ರಗಳ ಸಂಪುಟ 'ಸುಯೇಸಿಯಾ' ಅವನು ಸತ್ತ ಮೇಲೆ, 1716ರಲ್ಲಿ ಹೊರಬಂತು. ರಾಷ್ಟ್ರೀಯ ಗ್ರಂಥಾಲಯ ಇದನ್ನು ಡಿಜಿಟಲ್ ಮಾಡಿದೆ. ಸೊಗಸಾದ ಆಕರ, ಆದರೆ ದೇಶದ ವೈಭವ ಹೊರಗಿನವರಿಗೆ ತೋರಿಸಲು ಮಾಡಿದ್ದು. ಯೋಜನೆಯಲ್ಲಷ್ಟೇ ಇದ್ದ ಕಟ್ಟಡವನ್ನೂ, ಎಂದೂ ಹಾಕದ ತೋಟವನ್ನೂ ಅದರಲ್ಲಿ ಬರೆದುಬಿಟ್ಟಿದ್ದಾನೆ. ಅದನ್ನೇ ಪುರಾವೆ ಅಂತ ಹಿಡಿಯಬೇಡಿ.

ಹಂತ 4: ಸಾಮಾನುಪಟ್ಟಿ ಹುಡುಕಿ

ಇದೇ ಮುಖ್ಯ ಹಂತ, ಅರ್ಧಕ್ಕರ್ಧ ಜನ ಕೈಬಿಡುವುದೂ ಇಲ್ಲೇ. ದಯವಿಟ್ಟು ಬಿಡಬೇಡಿ.

ಪಟ್ಟಿಗಳಲ್ಲಿ ಎರಡು ಬಗೆ. 'ಇನ್ವೆಂತಾರಿಯುಮ್' ಎಂಬುದು ಮನೆಯ ವಸ್ತುಗಳ ಪಟ್ಟಿ, ಮನೆ ಕೈ ಬದಲಾಯಿಸುವಾಗ ಅಥವಾ ಉಸ್ತುವಾರಿ ಒಪ್ಪಿಸುವಾಗ ಬರೆದದ್ದು. ಸಾಮಾನ್ಯವಾಗಿ ಕೋಣೆಯಿಂದ ಕೋಣೆಗೆ ನಡೆಯುತ್ತಾ ಬರೆಯುತ್ತಿದ್ದರು. 'ಬೂಪ್‌ಟೆಕ್ನಿಂಗ್' ಎಂಬುದು ಯಾರಾದರೂ ಸತ್ತ ಮೇಲೆ ವಾರಸುದಾರರ ಸಲುವಾಗಿ ಮಾಡುವ ಆಸ್ತಿಪಟ್ಟಿ. ಇದರಲ್ಲಿ ಸಾಮಾನ್ಯವಾಗಿ ಲೋಹ ಮತ್ತು ಬಗೆಯ ಪ್ರಕಾರ ಬರೆಯುತ್ತಾರೆ: ಮೊದಲು ಚಿನ್ನ, ಆಮೇಲೆ ಬೆಳ್ಳಿ, ತಾಮ್ರ, ತವರ, ನಂತರ ಹಾಸಿಗೆ, ಬಟ್ಟೆ. ಹಾಗಾಗಿ ಬೂಪ್‌ಟೆಕ್ನಿಂಗ್‌ನಿಂದ ಒಬ್ಬರ ಹತ್ತಿರ ಏನಿತ್ತು ಎಂಬುದು ತಿಳಿಯುತ್ತದೆ, ಎಲ್ಲಿ ಇತ್ತು ಎಂಬುದು ತಿಳಿಯುವುದು ಕಷ್ಟ. ಒಂದು ಕೋಣೆಯನ್ನು ಮತ್ತೆ ಕಣ್ಮುಂದೆ ತರಬೇಕಾದರೆ ಇನ್ವೆಂತಾರಿಯುಮ್ ಹುಡುಕಿ.

ಎಲ್ಲಿ ಹುಡುಕುವುದು? ರಾಷ್ಟ್ರೀಯ ದಾಖಲೆ ಭಂಡಾರವಾದ 'ರಿಕ್ಸಾರ್ಕಿವೆತ್'ನಲ್ಲಿ ಅನೇಕ ಎಸ್ಟೇಟ್ ಮನೆಗಳ ಖಾಸಗಿ ಕಡತಗಳಿವೆ. ಸ್ಕೋಕ್ಲೋಸ್ತರ್ ಸಂಗ್ರಹ, ಎರಿಕ್ಸ್‌ಬೆರ್ಗ್ ಸಂಗ್ರಹ ಇಲ್ಲೇ ಇವೆ. ಆನ್‌ಲೈನ್ ಸೂಚಿಯಲ್ಲಿ ಮನೆಯ ಹೆಸರು ಮತ್ತು ಮನೆತನದ ಹೆಸರು ಎರಡನ್ನೂ ಹಾಕಿ ಹುಡುಕಿ. ಕುಲೀನರ ಹಳೆಯ ಬೂಪ್‌ಟೆಕ್ನಿಂಗ್‌ಗಳು ಊರಿನ ಕೋರ್ಟಿನ ಕಡತದಲ್ಲಿ ಸಿಗದಿದ್ದರೆ ಗಾಬರಿಯಾಗಬೇಡಿ. ಅವರಿಗೆ ವಿಶೇಷ ಹಕ್ಕಿತ್ತು, ಅವರ ಪಟ್ಟಿಗಳು ಮೇಲಿನ ಕೋರ್ಟಾದ 'ಹೋವ್‌ರೆಟ್'ಗೆ ಹೋಗುತ್ತಿದ್ದವು. ಸ್ಟಾಕ್‌ಹೋಮ್‌ನ ಸ್ವೇಯಾ, ದಕ್ಷಿಣದ ಯೋತಾ, ಈ ಎರಡು ಕೋರ್ಟುಗಳ ಕಡತ ನೋಡಿ.

ಕೈಬರಹ ಮೊದಮೊದಲು ಏನೂ ಅರ್ಥವಾಗುವುದಿಲ್ಲ. ಹಳೆಯ ಜರ್ಮನ್ ಶೈಲಿಯ ಅಕ್ಷರಗಳು, ಸಂಕ್ಷೇಪಗಳು. ಒಂದು ಉಪಾಯ ಹೇಳುತ್ತೇನೆ. ಪಟ್ಟಿಗಳಲ್ಲಿ ಅವೇ ಪದಗಳು ಮರಳಿ ಮರಳಿ ಬರುತ್ತವೆ: ಕುರ್ಚಿ, ಮೇಜು, ಕನ್ನಡಿ, ಹಳೆಯದು, ಮುರಿದದ್ದು, 'ದಿತೋ' (ಅದೇ ಮತ್ತೆ). ಹತ್ತಿಪ್ಪತ್ತು ಪದಗಳ ಆಕಾರ ಕಣ್ಣಿಗೆ ಹಿಡಿದರೆ ಉಳಿದದ್ದು ನಿಧಾನಕ್ಕೆ ಬಿಡಿಸಿಕೊಳ್ಳುತ್ತದೆ. ಟ್ರಾನ್ಸ್‌ಕ್ರಿಬುಸ್ ಎಂಬ ಕೈಬರಹ ಓದುವ ಸಾಫ್ಟ್‌ವೇರ್ ಸಹಾಯ ಮಾಡುತ್ತದೆ, ಆದರೆ ಅದು ಕೊಟ್ಟದ್ದನ್ನು ಮೂಲದ ಜೊತೆ ಸಾಲು ಸಾಲಾಗಿ ತಾಳೆ ನೋಡಲೇಬೇಕು. ಅಂಕಿಗಳಲ್ಲಂತೂ ಇನ್ನೂ ಜಾಸ್ತಿ ಎಚ್ಚರ.

ಎಡವುವ ಜಾಗಗಳು ಇನ್ನೆರಡು ಇವೆ. ಒಂದು, ದುಡ್ಡು. ಬೆಳ್ಳಿ ದಾಲರ್, ತಾಮ್ರದ ದಾಲರ್, ರಿಕ್ಸ್‌ದಾಲರ್ ಎಲ್ಲ ಬೇರೆ ಬೇರೆ. ಯಾವ ನಾಣ್ಯ ಎಂದು ನೋಡದೆ ಎರಡು ಪಟ್ಟಿಗಳ ಬೆಲೆ ಹೋಲಿಸಬೇಡಿ. ಇವತ್ತಿನ ರೂಪಾಯಿಗೋ ಕ್ರೋನಾಗೋ ಬದಲಾಯಿಸುವ ಗೋಜಿಗಂತೂ ಹೋಗಲೇಬೇಡಿ. ಅದೇ ಪಟ್ಟಿಯ ಒಳಗೆ ಹೋಲಿಸಿ: ಒಂದು ಕನ್ನಡಿಯ ಬೆಲೆ ಎಷ್ಟು, ಒಂದು ಹಸುವಿನ ಬೆಲೆ ಎಷ್ಟು? ಅಲ್ಲಿ ನಿಜವಾದ ಉತ್ತರ ಸಿಗುತ್ತದೆ. ಎರಡು, ತಾರೀಕು. 1700ರಿಂದ 1712ರವರೆಗೆ ಸ್ವೀಡನ್ನಿಗೆ ತನ್ನದೇ ಪ್ರತ್ಯೇಕ ಕ್ಯಾಲೆಂಡರ್ ಇತ್ತು. ಅದನ್ನು ಸರಿಪಡಿಸಲು 1712ರಲ್ಲಿ ಫೆಬ್ರವರಿ 30 ಬಂತು! ಈಗಿನ ಗ್ರೆಗೋರಿಯನ್ ಕ್ಯಾಲೆಂಡರ್‌ಗೆ ಬಂದದ್ದು 1753ರಲ್ಲಿ. ಸ್ವೀಡಿಷ್ ಪತ್ರವನ್ನೂ ಪ್ಯಾರಿಸ್‌ನ ಪತ್ರವನ್ನೂ ಪಕ್ಕಪಕ್ಕ ಇಡುವಾಗ ಇದು ನೆನಪಿರಲಿ.

ಹಂತ 5: ವಸ್ತುವನ್ನು ಓದಿ

ಈಗ ಕೋಣೆಗೆ ವಾಪಸ್ ಬನ್ನಿ. ನಾಲ್ಕು ವಸ್ತುಗಳಿಂದ ಶುರು ಮಾಡಿ.

ಒಲೆ. 'ಕಾಕೆಲುಂಗ್ನ್' ಎಂದರೆ ಟೈಲ್ಸ್ ಹೊದಿಸಿದ ಎತ್ತರದ ಒಲೆ, ಅಡುಗೆಗಲ್ಲ, ಕೋಣೆ ಬೆಚ್ಚಗಿಡಲು. ಮೊದಲು ಬಿಸಿಯೆಲ್ಲ ನೇರ ಚಿಮಣಿಗೆ ಹೋಗಿಬಿಡುತ್ತಿತ್ತು, ಸೌದೆ ಬಹಳ ಖರ್ಚಾಗುತ್ತಿತ್ತು. 1767ರಲ್ಲಿ ಕಾರ್ಲ್ ಯೋಹಾನ್ ಕ್ರೋನ್‌ಸ್ತೆತ್ ಮತ್ತು ಫಾಬಿಯಾನ್ ವ್ರೇದೆ ಹೊಗೆ ಒಳಗೇ ಮೇಲೆ ಕೆಳಗೆ ಸುತ್ತಿ ಹೋಗುವಂತೆ ಹೊಸ ವಿನ್ಯಾಸ ಮಾಡಿದರು. ಇಟ್ಟಿಗೆ ಬಿಸಿ ಹಿಡಿದಿಟ್ಟು ತಾಸುಗಟ್ಟಲೆ ಬಿಡುತ್ತದೆ. ಆಮೇಲೆ ಜನ ಬೆಂಕಿಯ ಪಕ್ಕವೇ ಕೂರಬೇಕಾಗಲಿಲ್ಲ, ಚಳಿಗಾಲದಲ್ಲೂ ದೊಡ್ಡ ಕೋಣೆ ಬಳಕೆಗೆ ಬಂತು. 1660ರ ಕೋಣೆಯಲ್ಲಿ ಇಂಥ ಒಲೆ ಕಂಡರೆ ಅದು ಆಮೇಲೆ ಸೇರಿಸಿದ್ದು ಎಂದು ತಕ್ಷಣ ಗೊತ್ತಾಗುತ್ತದೆ. ಟೈಲ್ಸ್ ಮಾಡುತ್ತಿದ್ದ ಹೆಸರಾಂತ ಕಾರ್ಖಾನೆಗಳು ಸ್ಟಾಕ್‌ಹೋಮ್‌ನ ರೋರ್‌ಸ್ಟ್ರಾಂಡ್ (1726) ಮತ್ತು ಮಾರಿಯೆಬೆರ್ಗ್ (1758). ಮಾರಿಯೆಬೆರ್ಗ್ ಒಲೆಗಳನ್ನು ನೋಡಬೇಕಾದರೆ ಸ್ಟಾಕ್‌ಹೋಮ್ ಹತ್ತಿರದ ಸ್ತೂರೆಹೋವ್‌ಗೆ ಹೋಗಿ. ಅದರ ಒಡೆಯ ಯೋಹಾನ್ ಲಿಲ್ಯೆನ್‌ಕ್ರಾಂತ್ಸ್‌ಗೆ ಆ ಕಾರ್ಖಾನೆಯಲ್ಲಿ ಪಾಲಿತ್ತು.

ಬೆಳ್ಳಿ. ಸ್ವೀಡಿಷ್ ಬೆಳ್ಳಿಯ ವರ್ಷ ಪತ್ತೆಹಚ್ಚುವುದು ಸುಲಭ. ಕೆಲಸಗಾರನ ಗುರುತು, ಊರಿನ ಗುರುತು, ಮೂರು ಕಿರೀಟಗಳ ಸರ್ಕಾರಿ ಮುದ್ರೆ, ಜೊತೆಗೆ ವರ್ಷದ ಅಕ್ಷರ. 1759 ಅಂದರೆ ಎ. 24 ಅಕ್ಷರಗಳು ಮುಗಿದ ಮೇಲೆ 1783ಕ್ಕೆ ಎ2, 1807ಕ್ಕೆ ಎ3. ಸರ್ಕಾರಿ ಮುದ್ರೆಯನ್ನು ಅಲ್ಲಿಯವರು 'ಕಟ್‌ಫೂತ್', ಅಂದರೆ ಬೆಕ್ಕಿನ ಪಾದ ಎನ್ನುತ್ತಾರೆ.

ಪಿಂಗಾಣಿ. ಸ್ವೀಡಿಷ್ ಈಸ್ಟ್ ಇಂಡಿಯಾ ಕಂಪನಿ 1731ರಲ್ಲಿ ಗೋಥೆನ್‌ಬರ್ಗ್‌ನಲ್ಲಿ ಶುರುವಾಯಿತು. 1733ರಲ್ಲಿ ಅದರ ಹಡಗೊಂದು ನಮ್ಮ ಪಕ್ಕದ ತಮಿಳುನಾಡಿನ ಪರಂಗಿಪೇಟೆಗೆ ಬಂತು. ಅಲ್ಲಿ ತೆರೆದ ಮಳಿಗೆಯ ಮೇಲೆ ಇಂಗ್ಲಿಷರು, ಫ್ರೆಂಚರು ಸೇರಿ ದಾಳಿ ಮಾಡಿದರು. ಆಮೇಲೆ ಕಂಪನಿ ಹೆಚ್ಚಾಗಿ ಚೀನಾದ ವ್ಯಾಪಾರವನ್ನೇ ಹಿಡಿಯಿತು. ಕುಲೀನ ಮನೆತನಗಳು ತಮ್ಮ ಲಾಂಛನದ ಚಿತ್ರ ಕಳಿಸಿ, ಅದೇ ಬರೆದ ತಟ್ಟೆ ಬಟ್ಟಲುಗಳನ್ನು ಚೀನಾದಿಂದ ತರಿಸುತ್ತಿದ್ದವು. ಲಾಂಛನದಲ್ಲಿ ಶಿರಸ್ತ್ರಾಣ ಎಣಿಸಿ: ಬಿರುದಿಲ್ಲದ ಕುಲೀನರಿಗೆ ಒಂದು, ಫ್ರಿಹೆರೆಗೆ ಎರಡು, ಗ್ರೇವೆಗೆ ಮೂರು. ಮನೆತನಕ್ಕೆ ಬಿರುದು ಬಂದ ವರ್ಷವನ್ನು ರಿದ್ದಾರ್‌ಹೂಸೆತ್ ದಾಖಲೆಯಲ್ಲಿ ನೋಡಿದರೆ ತಟ್ಟೆ ಅದಕ್ಕಿಂತ ಹಿಂದಿನದೋ ಮುಂದಿನದೋ ತಿಳಿಯುತ್ತದೆ.

ಕುರ್ಚಿ, ಮೇಜು. 'ಗುಸ್ತಾವಿಯನ್' ಶೈಲಿ ಅಂದರೆ ಸುಮಾರು 1770ರಿಂದ 1810ರವರೆಗಿನದು, ರಾಜ 3ನೇ ಗುಸ್ತಾವ್‌ನ ಹೆಸರಿನದು. ಇಂಟರ್ನೆಟ್‌ನಲ್ಲಿ ಇದು ಅಂದರೆ ಮಾಸಿದ ಬಿಳಿ, ಬೂದು ಬಣ್ಣ ಅಂತಾಗಿಬಿಟ್ಟಿದೆ. ಅದು ಇತ್ತು, ಆದರೆ ಅಷ್ಟೇ ಇರಲಿಲ್ಲ. ಆ ಕಾಲದ ದೊಡ್ಡ ಪೀಠೋಪಕರಣ ಕುಶಲಕರ್ಮಿ ಯೇಓರಿ ಹೌಪ್ಟ್ (1741–1784) ಪ್ಯಾರಿಸ್, ಲಂಡನ್‌ಗಳಲ್ಲಿ ದುಡಿದು ಬಂದವನು. ಅವನ ಕೆಲಸವೆಲ್ಲ ಬಣ್ಣಬಣ್ಣದ ಮರದ ತೆಳು ಹಾಳೆ ಕೂರಿಸಿ ಮಾಡಿದ ಚಿತ್ತಾರ. ಸ್ಟಾಕ್‌ಹೋಮ್ ಹತ್ತಿರದ ಹಾಗಾ ಉದ್ಯಾನದಲ್ಲಿರುವ 3ನೇ ಗುಸ್ತಾವ್‌ನ ಪೆವಿಲಿಯನ್‌ನಲ್ಲಿ ಲೂಯಿ ಮಾಸ್ರೆಲಿಯೆ ಮಾಡಿದ ಗೋಡೆಗಳನ್ನು ನೋಡಿ, ಬಣ್ಣ ತುಂಬಿ ತುಳುಕುತ್ತದೆ. 19, 20ನೇ ಶತಮಾನದಲ್ಲಿ ಈ ಶೈಲಿಯ ನಕಲುಗಳು ರಾಶಿ ರಾಶಿ ಬಂದಿವೆ. ಹಾಗಾಗಿ ಅಡಿಭಾಗ ನೋಡದೆ, ಕುಶಲಕರ್ಮಿ ಸಂಘದ ಮುದ್ರೆ ಇದೆಯೇ ಎಂದು ನೋಡದೆ ವರ್ಷ ಹೇಳಬೇಡಿ. ಮ್ಯೂಸಿಯಂನಲ್ಲಿ ನೀವೇ ತಿರುಗಿಸಲು ಹೋಗಬೇಡಿ, ಕೇಳಿದರೆ ಕ್ಯಾಟಲಾಗ್ ವಿವರ ಕೊಡುತ್ತಾರೆ.

ಹಂತ 6: ಹೋಗಿ ನೋಡಿ

ಬಹುಪಾಲು ಮನೆಗಳು ತೆರೆಯುವುದು ಬೇಸಿಗೆಯಲ್ಲಿ ಮಾತ್ರ. ಡಿಸೆಂಬರ್‌ನಲ್ಲಿ ಹೋದರೆ ಮುಚ್ಚಿದ ಬಾಗಿಲು ನೋಡಿ ಬರಬೇಕು. ಸ್ಕೋಕ್ಲೋಸ್ತರ್ ಕೋಣೆಗಳಲ್ಲಿ ಹೀಟರೂ ಇಲ್ಲ, ವಿದ್ಯುತ್ ದೀಪವೂ ಇಲ್ಲ. ಬಿಸಿಲಿರುವ ಹೊತ್ತಿಗೆ ಹೋಗಿ, ಬೇಸಿಗೆಯಲ್ಲೂ ಒಂದು ಸ್ವೆಟರ್ ಇರಲಿ. ಪೆನ್ ಬೇಡ, ಪೆನ್ಸಿಲ್ ಒಯ್ಯಿರಿ. ಫ್ಲ್ಯಾಶ್ ಹಾಕಬೇಡಿ. ಮೊದಲ ಸಲ ಗೈಡ್ ಜೊತೆ ಹೋಗಿ, ಎರಡನೇ ಸಲ ನಿಮ್ಮ ಪಟ್ಟಿ ಹಿಡಿದು ಒಂದೇ ಕೋಣೆಯಲ್ಲಿ ನಿಲ್ಲಿ.

ಅನೇಕ ಎಸ್ಟೇಟ್ ಮನೆಗಳಲ್ಲಿ ಇನ್ನೂ ಆ ಮನೆತನದವರೇ ವಾಸವಾಗಿದ್ದಾರೆ. ಸ್ವೀಡನ್ನಿನಲ್ಲಿ ಕಾಡು, ಬಯಲಿನಲ್ಲಿ ಯಾರು ಬೇಕಾದರೂ ಓಡಾಡಬಹುದು, ಅದಕ್ಕೆ 'ಅಲ್ಲೆಮಾನ್ಸ್‌ರೆಟ್ಟೆನ್' ಎನ್ನುತ್ತಾರೆ. ಆದರೆ ಮನೆಯ ಅಂಗಳ, ತೋಟಕ್ಕೆ ಅದು ಅನ್ವಯವಾಗುವುದಿಲ್ಲ. ಅದೇ ಹಕ್ಕು ಅಂತ ಗೇಟು ದಾಟಿ ಫೋಟೊ ತೆಗೆಯಬೇಡಿ. ಮೊದಲೇ ಪತ್ರ ಬರೆಯಿರಿ. ಏನು ಓದುತ್ತಿದ್ದೀರಿ, ಯಾವ ಕೋಣೆ ಅಥವಾ ಯಾವ ಕಾಗದ ಬೇಕು ಎಂದು ನಿರ್ದಿಷ್ಟವಾಗಿ ಹೇಳಿ. ಬರೀ 'ನಿಮ್ಮ ಅರಮನೆ ನೋಡಬೇಕು' ಎಂದು ಬರೆದ ಪತ್ರಕ್ಕೆ ಉತ್ತರ ಬರುವುದು ಕಷ್ಟ.

ಭಾರತದಲ್ಲೇ ಇದ್ದೀರಾ? ಚಿಂತೆ ಬೇಡ. ನಾರ್ಡಿಸ್ಕಾ ಮ್ಯೂಸಿಯಂನ ವಸ್ತುಗಳು 'ಡಿಗಿತಾಲ್ತ್ ಮುಸೇಉಮ್' ಎಂಬ ತಾಣದಲ್ಲಿವೆ. ಸ್ಕೋಕ್ಲೋಸ್ತರ್, ಹಾಲ್ವಿಲ್, ನ್ಯಾಷನಲ್ ಮ್ಯೂಸಿಯಂಗಳ ಸಾವಿರಾರು ಚಿತ್ರಗಳು ವಿಕಿಮೀಡಿಯಾ ಕಾಮನ್ಸ್‌ನಲ್ಲಿ ಉಚಿತವಾಗಿ ಸಿಗುತ್ತವೆ. ಹಂತ 5ರವರೆಗೆ ಬಹಳಷ್ಟನ್ನು ಮನೆಯಲ್ಲೇ ಕೂತು ಮಾಡಬಹುದು.

ಹಂತ 7: ಎರಡನೇ ಮನೆ

ಒಂದು ಮನೆ ಕೈಗೆ ಹತ್ತಿದ ಮೇಲೆ ಅದಕ್ಕಿಂತ ಪೂರ್ತಿ ಬೇರೆಯಾದ ಮನೆ ಆರಿಸಿ. ಯುದ್ಧದ ದುಡ್ಡಿನ ಸ್ಕೋಕ್ಲೋಸ್ತರ್ ಓದಿದ್ದರೆ ವ್ಯಾಪಾರದ ದುಡ್ಡಿನ ಸ್ವಿಂದೆರ್ಸ್‌ವೀಕ್ ನೋಡಿ. ಈಸ್ಟ್ ಇಂಡಿಯಾ ಕಂಪನಿಯ ಕ್ಲಾಸ್ ಗ್ರಿಲ್‌ಗಾಗಿ 1740ರ ದಶಕದಲ್ಲಿ ವಾಸ್ತುಶಿಲ್ಪಿ ಕಾರ್ಲ್ ಹೋರ್ಲೆಮಾನ್ ಮಾಡಿದ ಪುಟ್ಟ ಬೇಸಿಗೆ ಮನೆ ಅದು. ಗ್ರಿಲ್ ವ್ಯಾಪಾರಿ, ಕುಲೀನನಲ್ಲ, ಅದಕ್ಕೇ ಹೋಲಿಕೆ ಇನ್ನೂ ಉಪಯುಕ್ತ. ಅಥವಾ ಕಬ್ಬಿಣದ ದುಡ್ಡಿನ ಲೋವ್‌ಸ್ತಾಬ್ರೂಕ್, ಹಳೆಯ ಕಬ್ಬಿಣ ಕಾರ್ಖಾನೆಯ ಊರು. 1719ರಲ್ಲಿ ರಷ್ಯನ್ ಸೈನ್ಯ ಸುಟ್ಟ ಮೇಲೆ ಡೆ ಯೇರ್ ಮನೆತನ ಮತ್ತೆ ಕಟ್ಟಿದ್ದು. ಯಜಮಾನನ ಮನೆ, ಕೆಲಸಗಾರರ ಮನೆಗಳ ಸಾಲು, ಚರ್ಚು ಎಲ್ಲ ಒಟ್ಟಿಗೆ ಉಳಿದಿರುವುದರಿಂದ ಇಲ್ಲಿ ಮೇಲಿನವರ ಬದುಕನ್ನು ದುಡಿದವರ ಬದುಕಿನ ಜೊತೆಯಲ್ಲೇ ಓದಬಹುದು. ನನಗೆ ತುಂಬಾ ಮುಖ್ಯ ಅನಿಸುವುದು ಇದು. ಎರಡೂ ಕಡೆ ಹೋಗುವ ಮುಂಚೆ ಆ ವರ್ಷದ ತೆರೆಯುವ ದಿನಗಳನ್ನು, ಗೈಡ್ ಇರುವ ಸಮಯವನ್ನು ಫೋನ್ ಮಾಡಿ ಖಚಿತ ಮಾಡಿಕೊಳ್ಳಿ.